ನೀರಿನಲ್ಲಿ ಕುಣಿಯುವ ಚಮಚ

ಜಯನಗರದ ಅಥವಾ ಬನಶಂಕರಿಯ ಯಾವುದಾದರೊಂದು ಅಡಿಗೆಮನೆಯಲ್ಲಿ ನಿಂತು ನಲ್ಲಿಯನ್ನು ಸಣ್ಣಗೆ ಬಿಡಿ. ಚಮಚದ ಹಿಡಿಯ ತುದಿಯನ್ನು ಎರಡು ಬೆರಳುಗಳಿಂದ ಸಡಿಲವಾಗಿ ಹಿಡಿದು, ಅದರ ಉಬ್ಬಿದ ಬೆನ್ನನ್ನು ಮೆಲ್ಲನೆ ಧಾರೆಗೆ ತಾಗಿಸಿ. ನೀರು ಚಮಚವನ್ನು ಆಚೆಗೆ ತಳ್ಳೀತೆಂದು ನಾವು ಎಣಿಸುತ್ತೇವೆ. ಆದರೆ ಚಮಚವು ಧಾರೆಯೊಳಕ್ಕೇ ಸೆಳೆಯಲ್ಪಡುತ್ತದೆ! ನೀರು ಉಬ್ಬಿನ ಮೈಗೆ ಅಂಟಿಕೊಂಡು ಒಂದು ಕಡೆಗೆ ಬಾಗುವುದರಿಂದ, ಚಮಚವು ಅದರ ಎದುರು ದಿಕ್ಕಿಗೆ ಸರಿಯಲೇಬೇಕಾಗುತ್ತದೆ.

ಈ ನೀರು ಬಹುಮಟ್ಟಿಗೆ ಕಾವೇರಿಯದು. 1974ರಿಂದ ಅದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರವನ್ನು ಏರಿ ಬರುತ್ತಿದೆ. ಅದೇ ನದಿಯ ಕೆಳಭಾಗದಲ್ಲಿ, ಭೀಮೇಶ್ವರಿ, ಗಾಲಿಬೋರೆಗಳ ಮಡುಗಳಲ್ಲಿ, ಬಿಳಿಮೀನು ಎಂದರೆ ಮಹಸೀರು ವಾಸಿಸುತ್ತದೆ. ಅದನ್ನು ಮರುಳುಗೊಳಿಸಲು ಗಾಳಗಾರರು ಬಳಸಿದ ಸಾಧನಗಳಲ್ಲಿ ಲೋಹದ ಚಮಚವೂ ಒಂದು.

ಅಮೆರಿಕೆಯ ಜೂಲಿಯೋ ಬ್ಯೂಯಲ್ ಎಂಬಾತನು 1852ರಲ್ಲಿ ಇಂತಹ ಚಮಚಕ್ಕೆ ಹಕ್ಕುಪತ್ರವನ್ನು ಪಡೆದನು. ಸರೋವರಕ್ಕೆ ಬಿದ್ದ ಊಟದ ಚಮಚವನ್ನು ಮೀನೊಂದು ನುಂಗಲು ಬಂದುದನ್ನು ಕಂಡು ಅವನಿಗೆ ಈ ಯುಕ್ತಿ ಹೊಳೆಯಿತೆಂಬ ಕಥೆಯುಂಟು. ಹಿಡಿಯಿಲ್ಲದ ಈ ಚಮಚದ ಒಂದು ತುದಿಗೆ ದಾರ, ಇನ್ನೊಂದು ತುದಿಗೆ ಗಾಳ. ಅದನ್ನು ಎಳೆದಾಗ ಅಂಚುಗಳಲ್ಲಿ ನೀರಿನ ಸುಳಿಗಳು ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ ಕಳಚಿಕೊಳ್ಳುತ್ತವೆ. ಚಮಚವು ಗಾಯಗೊಂಡ ಮರಿಮೀನಿನಂತೆ ಹೊಯ್ದಾಡುತ್ತದೆ. ಅದರ ಹೊಳಪನ್ನು ಮೀನಿನ ಕಣ್ಣು ಕಾಣುತ್ತದೆ. ಅದರ ಅದುರನ್ನು ಮೀನಿನ ಎರಡು ಪಕ್ಕಗಳಲ್ಲಿರುವ ಪಾರ್ಶ್ವರೇಖೆಯೆಂಬ ಇಂದ್ರಿಯವು ಅರಿಯುತ್ತದೆ.

ಸ್ಪಿನ್ನರಿನಲ್ಲಿ ತಂತಿಯ ಸುತ್ತ ಒಂದು ತಗಡು ಗಿರ್ರನೆ ತಿರುಗುತ್ತದೆ. ನೀಳವಾದ ತಗಡು ತಂತಿಗೆ ಹತ್ತಿರವಾಗಿ ಸುತ್ತುವುದರಿಂದ ಸೆಳೆತಕ್ಕೆ ಒಳ್ಳೆಯದು. ಅಗಲವಾದ ದುಂಡು ತಗಡು ನಿಧಾನವಾದ ನೀರಿಗೆ ತಕ್ಕುದು. ತಿರುಗುವ ತಗಡು ದಾರವನ್ನೂ ಹುರಿಗೊಳಿಸಿ ಸಿಕ್ಕಾಗಿಸುತ್ತದೆ. ಆದುದರಿಂದ ದಾರಕ್ಕೂ ಸ್ಪಿನ್ನರಿಗೂ ನಡುವೆ ತನ್ನಷ್ಟಕ್ಕೆ ತಿರುಗಬಲ್ಲ ಪುಟ್ಟ ಕೊಂಡಿಯೊಂದು ಅವಶ್ಯ. ಹೊಳೆಯನ್ನು ಅಡ್ಡಹಾಯುವಂತೆ ಎಸೆದು, ದಾರವನ್ನು ಬಿಗಿಯಾಗಿಟ್ಟು, ಪ್ರವಾಹವೇ ಅದನ್ನು ಕಮಾನಿನಂತೆ ದಡಕ್ಕೆ ತರಲು ಬಿಡುವುದು ಸುಲಭವಾದ ಕ್ರಮ. ಪ್ರವಾಹಕ್ಕೆ ಎದುರಾಗಿ ಎಸೆದರೆ, ನೀರಿಗಿಂತಲೂ ವೇಗವಾಗಿ ಸುತ್ತಿಕೊಳ್ಳಬೇಕು. ಇಲ್ಲವಾದರೆ ತಗಡು ತಿರುಗದೆ ತಳಕ್ಕೆ ಇಳಿಯುತ್ತದೆ. ಮಳೆಗಾಲದ ಕೆನ್ನೀರಿನಲ್ಲಿ ಹೊಳಪು ಕಾಣದು. ಆಗ ವಾಸನೆಯಿಂದ ಕರೆಯುವ ರಾಗಿಹಿಟ್ಟಿನ ಉಂಡೆಯೇ ಮೇಲು.

ಈ ನದಿಯ ಗೂನುಬೆನ್ನಿನ ಮಹಸೀರು ಬೃಹದಾಕಾರದ್ದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಆದರೆ 1970ರ ದಶಕದಿಂದ, ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಸೀರಿನ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹಿಡಿದು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದ ಗಾಳಗಾರರ ದಿನಚರಿಗಳನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದರು. ಗಾಲಿಬೋರೆಯ 1998ರಿಂದ 2012ರವರೆಗಿನ ಲೆಕ್ಕದಲ್ಲಿ ಒಟ್ಟು ಮೀನುಗಳೇನೋ ಹೆಚ್ಚಿದ್ದವು. ಗೂನುಬೆನ್ನಿನವು ಮಾತ್ರ ಕಾಣೆಯಾಗುತ್ತ ಬಂದಿದ್ದವು! ಮೊತ್ತವನ್ನಷ್ಟೇ ನೋಡಿದವರು ನದಿಯು ಸುಭಿಕ್ಷವೆಂದು ತಿಳಿಯಬಹುದಾಗಿತ್ತು. 2018ರಲ್ಲಿ ಈ ಮೀನು ಟಾರ್ ರೆಮಾದೇವಿಯೈ ಎಂದು ಗುರುತಿಸಲ್ಪಟ್ಟು, ಅಳಿವಿನ ಅತಿ ಗಂಡಾಂತರದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಆದುದರಿಂದ ನಿಯಮವು ಒಪ್ಪುವ ನೀರಿನಲ್ಲಿ ಮಾತ್ರವೇ, ಅದೂ ಹಿಮ್ಮೊನೆಯಿಲ್ಲದ ಒಂಟಿ ಗಾಳವನ್ನು ಕಟ್ಟಿ, ಚಮಚವನ್ನು ಎಸೆಯುವುದು ಉಚಿತ. ಸಿಕ್ಕಿದ ಮೀನನ್ನು ನೀರಿನಿಂದ ಮೇಲೆತ್ತದೆಯೇ ಗಾಳವನ್ನು ಬಿಡಿಸಬೇಕು. ಅದರ ಜಾತಿಯನ್ನು ಬೇರೆಬೇರೆಯಾಗಿ ಬರೆದಿಡಬೇಕು. ಮೀನನ್ನು ಮೋಸಗೊಳಿಸುವ ಚಮಚವು ಹಿಡಿದವನಿಗೆ ಸತ್ಯವನ್ನು ತಿಳಿಸುವುದು ಆ ಬರಹದಿಂದಲೇ. ನಮ್ಮ ನಲ್ಲಿಗೆ ನೀರನ್ನು ಕೊಡುವ ನದಿಗೆ ಅಷ್ಟಾದರೂ ಸಲ್ಲಬೇಡವೇ?