ಗಾಳಿಯನ್ನೋದುವ ವಿದ್ಯೆ

ಬಂದೂಕಿನಿಂದ ದೂರದ ಗುರಿಯನ್ನು ಹೊಡೆಯುವವನಿಗೆ ಕಣ್ಣು ಚುರುಕಾಗಿರಬೇಕು, ಕೈ ನಡುಗಬಾರದು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಈ ಎರಡು ಗುಣಗಳೂ ಉಳ್ಳವನು ಸಹ ಸಾವಿರ ಗಜದ ಗುರಿಯೆದುರು ಸೋತು ಹಿಂದಿರುಗುವುದುಂಟು. ಅವನನ್ನು ಸೋಲಿಸುವುದು ಕಣ್ಣಿಗೆ ಕಾಣದ ಗಾಳಿಯು.

ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ೧೮೬೦ರಲ್ಲಿ ವಿಕ್ಟೋರಿಯಾ ರಾಣಿಯು ಮೊದಲನೆಯ ಗುಂಡನ್ನು ಹಾರಿಸಿ ಪ್ರಾರಂಭಿಸಿದ ಪಂದ್ಯಗಳು ೧೮೯೦ರಿಂದ ಬಿಸ್ಲಿಯೆಂಬಲ್ಲಿ ನಡೆಯುತ್ತಲಿವೆ. ಅಲ್ಲಿ ಸಾವಿರ ಗಜದ ಗುರಿಯ ನಡುಬೊಟ್ಟಿನ ಅಗಲವು ಎರಡೇ ಅಡಿ. ಗುಂಡು ಅಲ್ಲಿಗೆ ಮುಟ್ಟಲು ಒಂದೂವರೆ ಸೆಕೆಂಡಿನಷ್ಟು ಕಾಲ ಹಿಡಿಯುವುದು. ಅಷ್ಟರಲ್ಲಿಯೇ ಗಂಟೆಗೆ ೧೦ ಮೈಲಿ ವೇಗದ ಅಡ್ಡಗಾಳಿಯು ಅದನ್ನು ಏಳು ಅಡಿಗಳಷ್ಟು ಪಕ್ಕಕ್ಕೆ ನೂಕುವುದು! ಅಂದರೆ ಗಾಳಿಯ ವೇಗವನ್ನು ಒಂದೂವರೆ ಮೈಲಿಯಷ್ಟು ತಪ್ಪಾಗಿ ಎಣಿಸಿದರೂ ಗುಂಡು ನಡುಬೊಟ್ಟನ್ನು ಬಿಟ್ಟು ಹೋಗುವುದೆಂದಾಯಿತು.

ಈ ತಿದ್ದುಪಡಿಯನ್ನು ಪಾಶ್ಚಾತ್ಯರು ಕೋನದ ನಿಮಿಷಗಳಲ್ಲಿ ಅಳೆಯುವರು. ನಮ್ಮ ಜ್ಯೋತಿಷಿಗಳು ಇದನ್ನೇ ಕಲೆಯೆಂದರು. ವೃತ್ತಕ್ಕೆ ೨೧,೬೦೦ ಕಲೆಗಳು. ೪೯೯ರಲ್ಲಿ ಆರ್ಯಭಟನು ತನ್ನ ಜ್ಯಾ ಗಣಿತಕ್ಕೆ ತ್ರಿಜ್ಯವನ್ನು ೩೪೩೮ ಕಲೆಗಳೆಂದು ಹಿಡಿದನು. ಸಾವಿರ ಗಜದ ೩೬,೦೦೦ ಅಂಗುಲಗಳನ್ನು ಈ ಸಂಖ್ಯೆಯಿಂದ ಭಾಗಿಸಿ ನೋಡಿರಿ: ಹತ್ತೂವರೆ ಅಂಗುಲಗಳ ಸಮೀಪಕ್ಕೆ ಬರುವುದು. ಬಂದೂಕುಗಾರನ ಒಂದು ಕಲೆಯು ಆ ದೂರದಲ್ಲಿ ಇಷ್ಟೇ. ಜ್ಯಾ ಎಂಬ ಶಬ್ದಕ್ಕೆ ಬಿಲ್ಲಿನ ಹೆದೆ ಎಂಬುದೇ ಮೂಲಾರ್ಥವೆಂಬುದು ನಮ್ಮಂತಹ ಹಳೆಯ ಪಂಡಿತರಿಗೆ ಸಂತೋಷವನ್ನು ಕೊಡತಕ್ಕ ಮಾತು.

ಅದೇ ಜ್ಯಾ ಕೋಷ್ಟಕವು ಗಾಳಿಯ ದಿಕ್ಕಿಗೂ ಒದಗುವುದು. ಎದುರಿನಿಂದಾಗಲಿ ಬೆನ್ನಿನಿಂದಾಗಲಿ ಬೀಸುವ ಗಾಳಿಯು ಗುಂಡನ್ನು ಪಕ್ಕಕ್ಕೆ ಸರಿಸದು. ನೇರ ಅಡ್ಡಗಾಳಿಗೆ ಪೂರ್ಣ ಬಲ. ಗುರಿಯ ಗೆರೆಯಿಂದ ೩೦ ಅಂಶ ಓರೆಯಾದ ಗಾಳಿಗೆ ಸರಿಯಾಗಿ ಅರ್ಧ ಬಲ. ೪೫ ಅಂಶದ ಗಾಳಿಗೂ ಅರ್ಧವೆಂದೇ ಹೊಸಬರು ಊಹಿಸುವರು. ಅದು ಹತ್ತರಲ್ಲಿ ಏಳು ಪಾಲು.

ಗಣಿತವು ಇಷ್ಟಕ್ಕೆ ಮುಗಿಯಿತು. ಇನ್ನು ಕಣ್ಣಿನ ಕೆಲಸ. ಬಯಲಿನಲ್ಲಿ ನೆಟ್ಟ ಬಾವುಟವು ಕಂಬದಿಂದ ಎಷ್ಟು ಅಂಶ ಎದ್ದಿದೆಯೆಂದು ನೋಡಿ ನಾಲ್ಕರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿಯೆಂದು ಸ್ಥೂಲವಾಗಿ ತಿಳಿಯುವುದು. ಆದರೆ ನೆನೆದ ಬಾವುಟವು ಸುಳ್ಳು ಹೇಳುವುದು. ಬಿಸಿಲೇರಿದ ಮೇಲೆ ಬಾವುಟಕ್ಕಿಂತ ಬಿಸಿಲ್ಗುದುರೆಯೇ ಒಳ್ಳೆಯ ಸಾಕ್ಷಿ. ದೂರದರ್ಶಕದ ನೋಟವನ್ನು ಗುರಿಗಿಂತ ಸ್ವಲ್ಪ ಈಚೆಗೆ ನಿಲ್ಲಿಸಿದರೆ ಕಾದ ಗಾಳಿಯ ಅಲೆಗಳು ಕಾಣುವುವು. ಅವು ನೆಟ್ಟಗೆ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿಯಿಲ್ಲ. ವಾಲಿದ್ದರೆ ಮಂದ ಮಾರುತ. ಹೊಳೆಯಂತೆ ಅಡ್ಡಲಾಗಿ ಹರಿದರೆ ಗಾಳಿ ಬಲವಾಗಿದೆ. ಬಂದೂಕಿನ ಬಳಿಯ ಗಾಳಿಯನ್ನು ಅಲಕ್ಷಿಸಬಾರದು. ಆದಿಯಲ್ಲಿ ತಿರುಗಿದ ಗುಂಡು ಉಳಿದ ದಾರಿಯನ್ನೆಲ್ಲ ಆ ತಪ್ಪಿನಲ್ಲಿಯೇ ನಡೆಯುವುದು.

ನಮ್ಮ ನಾಡಿನಲ್ಲಿ ಕೋವಿಯ ಮಾತೆತ್ತಿದರೆ ಕೊಡಗು ನೆನಪಾಗದಿರದು. ಕೈಲ್ ಮುಹೂರ್ತದ ಹಬ್ಬದಲ್ಲಿ ನಾಟಿಯ ಕೆಲಸ ಮುಗಿಸಿ ಆಯುಧಗಳನ್ನು ಪೂಜಿಸಿದ ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹಾರಿಸುವರು. ಆ ಅಲ್ಪ ದೂರದಲ್ಲಿ ಗಾಳಿಯು ಗುಂಡನ್ನು ಹೆಚ್ಚು ಕದಲಿಸದು. ಕೊಂಬೆಯನ್ನೇ ತೂಗಿ ಕಾಯಿಯನ್ನು ಕದಲಿಸುವುದು. ಕೊಂಬೆಯು ತೂಗಿ ನಿಲ್ಲುವ ಕ್ಷಣಕ್ಕೆ ಕಾಯಬಲ್ಲವನದೇ ಕಾಯಿ.

ಮೂಡಲಪಾಳ್ಯದ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಎನ್.ಸಿ.ಸಿ. ಸೇರಿ ೫೦ ಮೀಟರು ದೂರಕ್ಕೆ ಸಣ್ಣ ಗುಂಡಿನ ರೈಫಲ್ಲಿನಿಂದ ಹೊಡೆಯುತ್ತಾಳೆ. ಬೆಳಗ್ಗೆ ಚೆನ್ನಾಗಿ ಹೊಡೆದವಳಿಗೆ ಮಧ್ಯಾಹ್ನ ಗುಂಡುಗಳು ಹೊರಗಿನ ಉಂಗುರಗಳಿಗೆ ಬೀಳುತ್ತಿದ್ದುವು. ರೈಫಲ್ಲೇ ಕೆಟ್ಟದ್ದೆಂದು ಬಗೆದ ತಂದೆಯು ಹೊಸದನ್ನು ಕೊಳ್ಳಲು ಹೆಂಡತಿಯ ಬಳೆಗಳನ್ನು ಅಡವಿಡುವುದಕ್ಕೆ ಹೊರಟಿದ್ದರು. ಆ ಸಣ್ಣ ಗುಂಡನ್ನು ೧೦ ಮೈಲಿಯ ಅಡ್ಡಗಾಳಿಯು ೫೦ ಮೀಟರಿನಲ್ಲಿಯೇ ಸುಮಾರು ಒಂದು ಅಂಗುಲ ಸರಿಸುವುದು. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸವು ೧೦.೪ ಮಿಲಿಮೀಟರು ಮಾತ್ರ. ಒಂದು ಅಂಗುಲವೆಂದರೆ ಮೂರು ಉಂಗುರಗಳ ನಷ್ಟ. ಈ ಲೆಕ್ಕವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆವು. ಬಳೆಗಳು ಕೈಯಲ್ಲಿಯೇ ಉಳಿದುವು.

ಗಾಳಿಯನ್ನು ಕಲಿಯಲು ಬಂದೂಕೂ ಬೇಡ, ಪರವಾನಗಿಯೂ ಬೇಡ. ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟನು ೧೮೦೫ರಲ್ಲಿ ಸಮುದ್ರಕ್ಕಾಗಿ ರಚಿಸಿದ ಗಾಳಿಯ ಮೆಟ್ಟಲುಗಳನ್ನು ಅನಂತರದವರು ನೆಲಕ್ಕೂ ಹೊಂದಿಸಿದರು: ಮುಖಕ್ಕೆ ತಾಗಿ ಎಲೆ ಮರ್ಮರಗುಟ್ಟಿದರೆ ೪ರಿಂದ ೭ ಮೈಲಿ, ಎಲೆಗಳೂ ಕಡ್ಡಿಗಳೂ ಎಡೆಬಿಡದೆ ಆಡಿದರೆ ೮ರಿಂದ ೧೨, ಧೂಳೂ ಕಾಗದದ ಚೂರೂ ಎದ್ದರೆ ೧೩ರಿಂದ ೧೮. ಹುಡುಗಿಯು ಈಗ ದಿನವೂ ಮಾಳಿಗೆಯ ಮೇಲೆ ನಿಂತು ಒಣಹಾಕಿದ ಸೀರೆಯನ್ನೂ ಊದುಬತ್ತಿಯ ಹೊಗೆಯನ್ನೂ ನೋಡಿ ವೇಗವನ್ನು ಬರೆದಿಟ್ಟುಕೊಳ್ಳುತ್ತಾಳೆ. ಆಷಾಢದಲ್ಲಿ ಇಲ್ಲಿ ಪಡುವಣ ಗಾಳಿಯ ಅಬ್ಬರ. ಚಳಿಗಾಲದಲ್ಲಿ ನಮ್ಮ ಊರ ಹೆಸರಿಗೆ ತಕ್ಕ ಮೂಡಣ ಗಾಳಿ. ಗಾಳಿಪಟವೆಂಬುದು ಬೇರೊಂದು ಪಾಠ: ನೆಲದಲ್ಲಿ ಕಾಣದ ಗಾಳಿಯು ಮೇಲೆ ಬಲವಾಗಿರುವುದು. ಸಾವಿರ ಗಜಕ್ಕೆ ಹೋಗುವ ಗುಂಡು ನೋಟದ ಗೆರೆಗಿಂತ ಹತ್ತಡಿಗೂ ಮಿಗಿಲಾಗಿ ಏರಿ ಇಳಿಯುವುದರಿಂದ ಇದನ್ನು ಮರೆಯುವಂತಿಲ್ಲ.

ಇನ್ನೊಂದು ಅಭ್ಯಾಸವನ್ನೂ ಅವಳಿಗೆ ಹೇಳಿದ್ದೇವೆ. ಗುಂಡು ಹಾರಿಸಿದೊಡನೆ, ಅದು ಬಿದ್ದೆಡೆಯನ್ನು ನೋಡುವ ಮೊದಲೇ, ತಾನು ಎಣಿಸಿದ ಗಾಳಿಯನ್ನು ಪುಸ್ತಕದಲ್ಲಿ ಬರೆಯತಕ್ಕದ್ದು. ಬಿದ್ದದ್ದನ್ನು ನೋಡಿದ ಮೇಲೆ ಬರೆದರೆ ಮನಸ್ಸು ಲೆಕ್ಕವನ್ನು ತಿದ್ದಿಬಿಡುವುದು.