ಸೀಮೆಸುಣ್ಣದ ಎರಡು ಗೆರೆ

ಪಾಂಡವಪುರದ ಲಾರಿ ಗ್ಯಾರೇಜೊಂದರ ಹಿರಿಯ ಮೇಸ್ತ್ರಿಯೊಬ್ಬರು ಎಕ್ಸಾಸ್ಟ್ ಬ್ರೇಕು ಪರೀಕ್ಷಿಸಲು ಜೇಬಿನಿಂದ ತೆಗೆಯುವುದು ಒಂದು ತುಂಡು ಸೀಮೆಸುಣ್ಣ. ಚಕ್ರಗಳಿಗೆ ಕಲ್ಲು ಕೊಡಿಸಿ, ಹ್ಯಾಂಡ್‌ಬ್ರೇಕ್ ಹಾಕಿಸಿ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಲಾರಿಯಡಿ ನುಸುಳುತ್ತಾರೆ. ಹೊಗೆ ಹೊರಬರುವ ಕೊಳವೆಯೊಳಗೆ, ಎಂಜಿನ್ನಿಗೆ ಹತ್ತಿರದಲ್ಲಿ, ತಿರುಗಿ ಮುಚ್ಚಿಕೊಳ್ಳುವ ಒಂದು ದುಂಡನೆಯ ತಗಡಿನ ವಾಲ್ವು ಇರುತ್ತದೆ; ಎಕ್ಸಾಸ್ಟ್ ಬ್ರೇಕೆಂದರೆ ಅದೇ. ಹೊರಗಿನಿಂದ ಕಾಣುವುದು ಅದರ ಲಿವರ್ ಮಾತ್ರ. ತೆರೆದಾಗ ಲಿವರ್ ಎಲ್ಲಿರಬೇಕೋ ಅಲ್ಲೊಂದು ಗೆರೆ, ಪೂರ್ತಿ ಮುಚ್ಚಿದಾಗ ಎಲ್ಲಿಗೆ ಬರಬೇಕೋ ಅಲ್ಲೊಂದು ಗೆರೆ. ಮೇಸ್ತ್ರಿ ಹೊರಬಂದ ಮೇಲೆ ಎಂಜಿನ್ ಸ್ಟಾರ್ಟ್. ಏರ್ ಮೀಟರಿನ ಮುಳ್ಳು ಮೇಲೇರುವವರೆಗೆ ಕಾದು, ಪಕ್ಕದಿಂದ ಬಗ್ಗಿ ನೋಡುತ್ತ, ಕ್ಯಾಬಿನ್ನಿನಲ್ಲಿರುವ ಹುಡುಗನಿಗೆ ಕೂಗುತ್ತಾರೆ: “ಒತ್ಲಾ ಮಗ!”

ಸ್ವಿಚ್ ಒತ್ತಿದ ಕೂಡಲೇ ಪುಟ್ಟ ಗಾಳಿ ಸಿಲಿಂಡರಿನ ರಾಡು ಮುಂದಕ್ಕೆ ಚಿಮ್ಮಿ ಲಿವರನ್ನು ಎರಡನೆಯ ಗೆರೆಗೆ ತಳ್ಳಬೇಕು. ಅರ್ಧಕ್ಕೆ ನಿಂತರೂ ಆಗದು, ತೂಗಾಡುತ್ತ ಹೋದರೂ ಆಗದು. ಕಣ್ಣು ಲಿವರಿನ ಮೇಲಿದ್ದರೂ ಅವರ ಗಮನವೆಲ್ಲ ಕಿವಿಯಲ್ಲಿ. ಎಂಜಿನ್ನಿನ ಸದ್ದು ಒಮ್ಮೆಲೇ ಕುಗ್ಗಿ, ಬಾಯಿಗೆ ಟವೆಲ್ ಅಡ್ಡ ಹಿಡಿದು ಮಾತಾಡಿದ ಹಾಗೆ ಕೇಳಬೇಕು. “ಸದ್ದು ಮುಚ್ಕಬೇಕು ಕಣ್ ಸ್ವಾಮಿ. ಮುಚ್ಕಳ್ನಿಲ್ಲ ಅಂದ್ರೆ ಒಳಗೆ ಕರಿ ಕಟ್ಟದೆ ಅಂತ್ಲೇ ಲೆಕ್ಕ. ಬುಟ್ಟೇಟ್ಗೆ ವಾಪಸ್ ತೆರ್ಕಬೇಕು, ಅದೂ ಮುಖ್ಯ.” ತೆರೆದುಕೊಳ್ಳದಿದ್ದರೆ ಹೊಗೆಗೆ ದಾರಿಯಿಲ್ಲ; ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಕಕ್ಕುತ್ತದೆ, ಎಂಜಿನ್ ಕಾಯುತ್ತದೆ.

ಕೆಲಸದ ತತ್ವ ಸರಳ. ವಾಲ್ವು ಮುಚ್ಚಿದಾಗ ಕೊಳವೆಯಲ್ಲಿ ಒತ್ತಡ ಏರುತ್ತದೆ. ಪಿಸ್ಟನ್ನುಗಳು ಆ ಒತ್ತಡದ ವಿರುದ್ಧ ಗಾಳಿಯನ್ನು ತಳ್ಳಬೇಕಾಗಿ ಬಂದು ಎಂಜಿನ್ನೇ ಚಕ್ರಗಳನ್ನು ಹಿಡಿಯುತ್ತದೆ. ಘಾಟಿ ಇಳಿಯುವಾಗ ಕಾಲಿನ ಬ್ರೇಕನ್ನು ಒತ್ತಿಯೇ ಇದ್ದರೆ ಲೈನರ್ ಕಾದು, ಡ್ರಮ್ಮು ಹಿಗ್ಗಿ, ಹಿಡಿತವೇ ಹೋಗಿಬಿಡುತ್ತದೆ. ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸಿ ಕಮ್ಮಿನ್ಸ್ 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುತ್ತಿದ್ದಾಗ ಅವರ ಟ್ರಕ್ಕಿಗೆ ಆದದ್ದೂ ಇದೇ. ಬದುಕುಳಿದ ಅವರು ಮುಂದೆ ರೂಪಿಸಿದ ಎಂಜಿನ್ ಬ್ರೇಕು 1961ರಲ್ಲಿ ಮಾರುಕಟ್ಟೆಗೆ ಬಂತು. ಅದು ಸಿಲಿಂಡರಿನೊಳಗೇ ಕೆಲಸ ಮಾಡುವ ಬೇರೆ ಬಗೆಯದು. ನಮ್ಮ ಲಾರಿಗಳದು ಕೊಳವೆ ಮುಚ್ಚುವ ಬಗೆ.

ಬಯಲುಸೀಮೆಯ ಮಂಡ್ಯದವರಿಗೆ ಇದೇಕೆ ಎನ್ನಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳನ್ನು ಹೆಣೆಯುವ 150ಎ ಹೆದ್ದಾರಿ ದಕ್ಷಿಣದಲ್ಲಿ ಚಾಮರಾಜನಗರ ಮುಟ್ಟುತ್ತದೆ; ಅಲ್ಲಿಂದಾಚೆ ಇಪ್ಪತ್ತೇಳು ತಿರುವುಗಳ ದಿಂಬಂ ಘಾಟಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಪಶ್ಚಿಮಕ್ಕೆ ತಿರುಗಿ 75ನೇ ಹೆದ್ದಾರಿ ಹಿಡಿದ ಗಾಡಿಗೆ ಸಕಲೇಶಪುರ ದಾಟಿದರೆ ಶಿರಾಡಿ. ಕೆ.ಆರ್.ಪೇಟೆಯವರು ಚನ್ನರಾಯಪಟ್ಟಣದ ಮೂಲಕ ಅದೇ ರಸ್ತೆ ಸೇರುತ್ತಾರೆ. ಊರಿನ ಸುತ್ತ ಕಬ್ಬು, ಬೆಲ್ಲ ಹೊರುವಾಗ ಸ್ವಿಚ್ಚನ್ನೇ ಮುಟ್ಟದ ಚಾಲಕ, ಮಂಗಳೂರಿನ ಬಾಡಿಗೆ ಸಿಕ್ಕ ದಿನ ಒಮ್ಮೆಲೇ ಅದನ್ನು ನಂಬಬೇಕಾಗುತ್ತದೆ. ಬಳಸದೆ ಬಿಟ್ಟ ವಾಲ್ವಿನ ಶಾಫ್ಟಿಗೆ ಮಸಿ ಕಟ್ಟಿ ಅದು ಹಿಡಿದುಕೊಂಡಿರುತ್ತದೆ. ದಿನಕ್ಕೊಮ್ಮೆಯಾದರೂ ಒತ್ತಿ ಬಿಡಬೇಕೆಂದು ಮೇಸ್ತ್ರಿ ಹೇಳುವುದು ಅದಕ್ಕೇ. ಅಲ್ಲಿಗೆ ಗ್ರೀಸ್ ಬಳಿಯುವವರನ್ನು ಕಂಡರೆ ಅವರಿಗೆ ಸಿಟ್ಟು. ಆ ಕಾವಿಗೆ ಗ್ರೀಸ್ ಸುಟ್ಟು ಇನ್ನಷ್ಟು ಮಸಿಯಾಗುತ್ತದೆ, ಕಾವು ತಡೆಯುವ ವಿಶೇಷ ಎಣ್ಣೆಯೇ ಬೇಕು.

ಎರಡನೆಯ ಪರೀಕ್ಷೆ ರಸ್ತೆಯಲ್ಲಿ. ಅದಕ್ಕೆ ಅವರು ಆರಿಸಿಕೊಂಡಿರುವುದು ಮೇಲುಕೋಟೆ ಬೆಟ್ಟದಿಂದ ಜಕ್ಕನಹಳ್ಳಿ ಕಡೆಗಿನ ಇಳಿಜಾರು, ಅದೂ ಜನಸಂಚಾರ ಕಡಿಮೆಯಿರುವ ಹೊತ್ತು. ಮೊದಲು ಕಾಲಿನ ಬ್ರೇಕು ಸರಿಯಿದೆಯೆಂದು ಖಾತ್ರಿ. ಒಂದೇ ಗೇರಿನಲ್ಲಿ ಒಮ್ಮೆ ಸ್ವಿಚ್ ಇಲ್ಲದೆ, ಇನ್ನೊಮ್ಮೆ ಸ್ವಿಚ್ ಹಾಕಿ ಇಳಿಸಿದರೆ ವೇಗದಲ್ಲಿನ ವ್ಯತ್ಯಾಸ ತೊಡೆಗೆ, ಬೆನ್ನಿಗೆ ಗೊತ್ತಾಗುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಿದ್ದಷ್ಟೂ ಹಿಡಿತ ಹೆಚ್ಚು. ಮೀಟರಿನ ಕೆಂಪು ಗೆರೆ ಮಾತ್ರ ದಾಟಬಾರದು. ಕ್ಲಚ್ ಅಥವಾ ಆಕ್ಸಿಲರೇಟರ್ ತುಳಿದಾಗ ಎಕ್ಸಾಸ್ಟ್ ಬ್ರೇಕು ತಾನಾಗಿ ಬಿಡಬೇಕು, ಇಲ್ಲದಿದ್ದರೆ ಅಲ್ಲಿನ ಸ್ವಿಚ್ಚುಗಳನ್ನು ನೋಡಿಸಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಇಳಿಸುವ ಚಾಳಿಯ ಬಗ್ಗೆ ನನಗೂ ಅವರಷ್ಟೇ ಆತಂಕವಿದೆ: ಗೇರು ತಪ್ಪಿಸಿದ ಗಾಡಿಗೆ ಈ ಬ್ರೇಕು ಇದ್ದರೂ ಇಲ್ಲದಂತೆ. ಮಳೆಯಲ್ಲಿ ಖಾಲಿ ಲಾರಿಗೆ ಇದನ್ನು ಹಾಕಿದರೆ ಹಿಂದಿನ ಚಕ್ರ ಜಾರುವ ಅಪಾಯವನ್ನೂ ಅವರು ಮರೆಯದೆ ಹೇಳುತ್ತಾರೆ.

ಈಗ ಬೆಂಗಳೂರಿನಿಂದ ಬಾಡಿಗೆಗೆ ಸಿಗುವ ಕ್ಯಾರವಾನ್‌ಗಳೂ ರಸ್ತೆಗಿಳಿದಿವೆ. ಮಂಚ, ಅಡುಗೆಮನೆ, ನೀರಿನ ಟ್ಯಾಂಕು ಹೊತ್ತ ಆ ಗಾಡಿಗೆ ಖಾಲಿ ಓಟವೆಂಬುದೇ ಇಲ್ಲ. ಊಟಿಗೋ ಕೊಡಗಿಗೋ ಹೊರಡುವ ಕುಟುಂಬ ಗ್ಯಾಸು, ಹಾಸಿಗೆಯ ಜೊತೆಗೆ ಎಕ್ಸಾಸ್ಟ್ ಬ್ರೇಕು ಇದ್ದರೆ ಅದನ್ನೂ ಕೇಳಿ ನೋಡಿಸಿಕೊಳ್ಳಬೇಕು. ಐದು ನಿಮಿಷದ ಕೆಲಸ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ದಾರಿ ಹೆಚ್ಚು ಜಟಿಲ. ಗಾಡಿ ನಿಂತಿದ್ದು ಎಂಜಿನ್ ಮಾತ್ರ ಓಡುತ್ತಿದ್ದರೆ ಎಷ್ಟೋ ಗಾಡಿಗಳಲ್ಲಿ ಈ ಬ್ರೇಕು ಹಿಡಿಯುವುದಿಲ್ಲ. ದೋಷ ಓದಲು ಕಂಪ್ಯೂಟರ್ ಜೋಡಿಸಬೇಕು. ಹೊಸ ಲಾರಿಗಳು ಕಂಪನಿ ಸರ್ವಿಸಿಗೆ ಹೋಗುತ್ತವೆ, ಈ ಗ್ಯಾರೇಜಿಗೆ ಬರುವುದು ಹಳೆಯವು. ಐಟಿಐ ಹುಡುಗರಿಗೆ ತೋರಿಸಲೆಂದು ಮೇಸ್ತ್ರಿ ಹಳೆಯ ವಾಲ್ವೊಂದನ್ನು ಗರಗಸದಲ್ಲಿ ಸೀಳಿ ಒಳಗಿನ ಮಸಿ ಕಾಣುವಂತೆ ಇಟ್ಟಿದ್ದಾರೆ. ಯಾವ ಊರಿನವರು ಕರೆದರೂ ಹೊತ್ತುಕೊಂಡು ಹೋಗಲು ಸಿದ್ಧ. “ಕಾಸೇನೂ ಬ್ಯಾಡ, ಬಸ್ ಚಾರ್ಜೂ ಬ್ಯಾಡ” ಎನ್ನುತ್ತಾರೆ. ಇದುವರೆಗೆ ಯಾರೂ ಕರೆದಿಲ್ಲ.