ಮೊಬೈಲ್ ಬಿಚ್ಚುವ ಮುನ್ನ: ಮೀಟುವ ಸಾಧನದ ಬಗ್ಗೆ ಇರಲಿ ಎಚ್ಚರ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಟಿ. ದಾಸರಹಳ್ಳಿಯಲ್ಲಿ ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಬರವಿಲ್ಲ. ಲೇತ್, ಮೋಟಾರುಗಳೊಡನೆ ಒಡನಾಡುವವರು ಕೆಟ್ಟ ಮೊಬೈಲನ್ನು ಮನೆಯಲ್ಲೇ ಬಿಚ್ಚಿ ನೋಡಲು ಮುಂದಾಗುವುದು ಸಹಜ. ಆದರೆ ದೊಡ್ಡ ಯಂತ್ರಕ್ಕೆ ಒಗ್ಗಿದ ಬಲ ಇಲ್ಲಿ ಕೆಲಸಕ್ಕೆ ಬಾರದು. ಇಂದಿನ ಬಹುತೇಕ ಫೋನ್‌ಗಳ ಕವಚವನ್ನು ಅಂಟು ಹಾಗೂ ಸಣ್ಣ ಕೊಕ್ಕೆಗಳು ಹಿಡಿದಿಟ್ಟಿರುತ್ತವೆ. ಅದನ್ನು ಮೀಟಿಯೇ ತೆರೆಯಬೇಕು. ಅಡುಗೆಮನೆಯ ಚಾಕುವನ್ನೋ ಸ್ಕ್ರೂಡ್ರೈವರನ್ನೋ ತೂರಿಸುವುದು ಅಪಾಯಕ್ಕೆ ಆಹ್ವಾನ.

ಯಾವ ಕೆಲಸಕ್ಕೆ ಯಾವ ಸಾಧನ?

ಮೀಟುವ ಸಾಧನವು ಕವಚಕ್ಕಿಂತ ಮೆದುವಾಗಿರಬೇಕೆಂಬುದು ಮೊದಲ ನಿಯಮ. ಆಗ ಸವೆಯುವುದು ಸಾಧನವೇ ಹೊರತು ಫೋನ್ ಅಲ್ಲ. ಗಿಟಾರ್ ನುಡಿಸುವ ಪಿಕ್‌ನಂತಹ ತೆಳು ಪ್ಲಾಸ್ಟಿಕ್ ತ್ರಿಕೋನಗಳು ಕವಚದ ಅಂಚಿನ ಅಂಟು ಬಿಡಿಸಲು ಸಾಕು. ಒಳಗಿನ ಕನೆಕ್ಟರ್‌ಗಳನ್ನು ಎಬ್ಬಿಸಲು ನೈಲಾನ್‌ನ ಸ್ಪಡ್ಜರ್ ಸೂಕ್ತ. ಅದು ವಿದ್ಯುತ್ ಹರಿಸುವುದಿಲ್ಲ. ಗಾಜಿನ ಪರದೆಯನ್ನು ಎತ್ತಲು ಹೀರುಬಟ್ಟಲು ಬೇಕು. ತೆಳು ಉಕ್ಕಿನ ಪಟ್ಟಿಯನ್ನು ಮೊದಲ ಸಂದು ಮಾಡಿಕೊಳ್ಳಲಷ್ಟೇ ಬಳಸಿ, ಕೂಡಲೇ ಪ್ಲಾಸ್ಟಿಕ್‌ಗೆ ಬದಲಾಯಿಸಬೇಕು.

ಬ್ಯಾಟರಿಯೇ ನಿಜವಾದ ಅಪಾಯ

ಲಿಥಿಯಂ ಅಯಾನ್ ಬ್ಯಾಟರಿಯೊಳಗೆ ಧನ, ಋಣ ಪದರಗಳ ನಡುವೆ ಅತಿ ತೆಳುವಾದ ಹಾಳೆಯೊಂದಿದೆ. ಲೋಹದ ತುದಿ ಅದನ್ನು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ ಕ್ಷಣಗಳಲ್ಲಿ ಬೆಂಕಿ ಏಳಬಹುದು, ಹೊಗೆಯೂ ವಿಷಕಾರಿ. ಬ್ಯಾಟರಿಯೊಳಗಿನ ದೋಷದಿಂದಾಗಿಯೇ 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆದ್ದರಿಂದ ಈ ಕ್ರಮ ಅನುಸರಿಸುವುದು ಒಳಿತು:

* ಚಾರ್ಜ್ ಶೇ 25ಕ್ಕಿಂತ ಕೆಳಗಿಳಿದ ಮೇಲೆ ಫೋನ್ ಆಫ್ ಮಾಡಿ, ಸಿಮ್ ಟ್ರೇ ಹೊರತೆಗೆಯಿರಿ.
* ಹೇರ್ ಡ್ರೈಯರ್‌ನಿಂದ ಅಂಚನ್ನು ಮಾತ್ರ ಹದವಾಗಿ ಬಿಸಿ ಮಾಡಿ, ಅಂಟು ಮೆದುವಾಗುತ್ತದೆ.
* ಪಿಕ್ಕನ್ನು ಎರಡು ಮೂರು ಮಿಲಿಮೀಟರ್‌ಗಿಂತ ಆಳಕ್ಕೆ ತಳ್ಳಬೇಡಿ. ಒಳಗೆ ಪಟ್ಟಿಯಂತಹ ಕೇಬಲ್‌ಗಳಿರುತ್ತವೆ.
* ಬಲ ಹಾಕಬೇಕೆನಿಸಿದರೆ ನಿಲ್ಲಿಸಿ. ಎಲ್ಲೋ ತಿರುಪು ಉಳಿದಿರಬಹುದು, ಇಲ್ಲವೇ ಅಂಟು ಆರಿರಬಹುದು.
* ತೆರೆದೊಡನೆ ಬ್ಯಾಟರಿಯ ಕನೆಕ್ಟರನ್ನು ಮೊದಲು ಬಿಡಿಸಿ.
* ಕಣ್ಣಿಗೆ ಕನ್ನಡಕವಿರಲಿ. ಪಕ್ಕದಲ್ಲಿ ಒಣಮರಳಿನ ಬಕೆಟ್ ಇಟ್ಟುಕೊಳ್ಳಿ.

ಬ್ಯಾಟರಿಯ ತಳಕ್ಕೆ ಲೋಹದ ಸಾಧನ ಎಂದಿಗೂ ಸಲ್ಲದು. ಎಳೆದು ತೆಗೆಯುವ ಅಂಟುಪಟ್ಟಿ ಇದ್ದರೆ ಅದನ್ನೇ ನಿಧಾನವಾಗಿ ಎಳೆಯಬೇಕು. ಇಲ್ಲದಿದ್ದರೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಕೆಲ ನಿಮಿಷ ಕಾಯಬಹುದು. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಹತ್ತಿರದಲ್ಲಿ ಬೆಂಕಿ, ಹೇರ್ ಡ್ರೈಯರ್ ಎರಡೂ ಇರಕೂಡದು.

ಎಲ್ಲಿಗೆ ನಿಲ್ಲಿಸಬೇಕು?

ಬ್ಯಾಟರಿ ಉಬ್ಬಿದ್ದರೆ ಮೀಟುವ ಸಾಹಸ ಬೇಡ. ಚಾರ್ಜ್ ಮಾಡದೆ ಅನುಭವಿ ತಂತ್ರಜ್ಞರಿಗೆ ಒಪ್ಪಿಸಿ. ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಬೆರೆಸುವುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ವಿರುದ್ಧ. ಅದನ್ನು ಅಧಿಕೃತ ಸಂಗ್ರಹಕಾರರಿಗೇ ನೀಡಬೇಕು. ಇದೇ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಸಂಸ್ಕರಣೆಗೆಂದೇ 'ಇ-ಪರಿಸರ' ಘಟಕ 2005ರಲ್ಲಿ ಆರಂಭವಾಗಿತ್ತು.

ಸರಿಪಡಿಸಿದ ಫೋನ್ ಹಣವನ್ನೂ ಉಳಿಸುತ್ತದೆ, ಕಸವನ್ನೂ ತಗ್ಗಿಸುತ್ತದೆ. ಅದಕ್ಕೆ ಬೇಕಿರುವುದು ಅಗ್ಗದ ಒಂದು ಪ್ಲಾಸ್ಟಿಕ್ ಪಿಕ್ ಮತ್ತು ಅವಸರವಿಲ್ಲದ ಕೈ.